ಮೂಕಿ ಎತ್ತದ ಗಾಡಿ: ಜೀಪಿಗೊಂದು ಟ್ರೈಲರ್ ಮನೆಯಲ್ಲೇ ಕಟ್ಟಿದ್ದು

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮನೆ, ಕಣ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಲ್ಲ ಗುಡ್ಡದ ಮೇಲೆ. ಅರೇಬಿಕಾ ಬ್ಲಾಕ್ ಕೆಳಗೆ, ಹಳ್ಳದ ಪಕ್ಕ. ಕುಯ್ದ ಹಣ್ಣು ಅವತ್ತೇ ಪಲ್ಪ್ ಆಗಬೇಕು. ರಾತ್ರಿಯಿಡೀ ಚೀಲದಲ್ಲೇ ಉಳಿದರೆ ಒಳಗೆ ಬಿಸಿಯೇರಿ ಹುಳಿ ಹಿಡಿಯುತ್ತೆ, ಆಮೇಲೆ ಎಷ್ಟು ತೊಳೆದರೂ ಆ ವಾಸನೆ ಬೀಜ ಬಿಡುವುದಿಲ್ಲ. ನಮ್ಮ ಹಳೇ ಜೀಪಿನ ಹಿಂದೆ ಹಿಡಿಯುವುದು ಆರು ಚೀಲ. ನಾಲ್ಕು ಸಲ ಇಳಿದು ಹತ್ತುವಷ್ಟರಲ್ಲಿ ಕತ್ತಲೆ. ಹೋದ ಕುಯ್ಲಿನಲ್ಲಿ ಎರಡು ದಿನದ ಹಣ್ಣು ಹೀಗೇ ಕೆಟ್ಟಿತು. ಆಗಲೇ ತೀರ್ಮಾನ ಮಾಡಿದೆ, ಜೀಪಿಗೊಂದು ಟ್ರೈಲರ್ ಬೇಕು, ನಮ್ಮ ದಾರಿಗೆ ತಕ್ಕ ಅಳತೆಯದ್ದು.

ಜೀಪಿಗೆ ಟ್ರೈಲರ್ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಜೀಪಿನ ಜೊತೆಗೇ ಕಾಲು ಟನ್ನಿನ ಟ್ರೈಲರ್ ಕೂಡ ಓಡಾಡಿತ್ತು. ಅದರಿಂದ ನಾನು ತೆಗೆದುಕೊಂಡದ್ದು ಒಂದೇ ವಿಷಯ: ಜೀಪಿನ ಎರಡು ಚಕ್ರಗಳ ನಡುವೆ ಎಷ್ಟು ಅಗಲವೋ ಟ್ರೈಲರಿಗೂ ಅಷ್ಟೇ ಅಗಲ, ಅದೇ ಅಳತೆಯ ಚಕ್ರ. ತೋಟದ ದಾರಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಜೀಪಿನ ಜಾಡು ಆಳಕ್ಕೆ ಬಿದ್ದಿರುತ್ತೆ. ಟ್ರೈಲರ್ ಬೇರೆ ಅಗಲದ್ದಾದರೆ ಒಂದು ಚಕ್ರ ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ, ಗಾಡಿ ಓರೆಯಾಗಿಯೇ ಬರುತ್ತೆ. ಸ್ಟೆಪ್ನಿ ಕೂಡ ಎರಡಕ್ಕೂ ಒಂದೇ ಸಾಕು.

ನಕ್ಷೆಯನ್ನು ಕಾಗದದ ಮೇಲೆ ಬಿಡಿಸಲಿಲ್ಲ. ಮಳೆಗಾಲದಲ್ಲಿ ಸಿಮೆಂಟ್ ಕಣ ಖಾಲಿ. ಒಂದು ಬಿಸಿಲು ಬಿದ್ದ ದಿನ ಅಲ್ಲೇ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಗೆ ಎಳೆದೆ. ತೊಟ್ಟಿ ಆರಡಿ ಉದ್ದ, ಮೂರಡಿ ಅಗಲ, ಚಕ್ರಗಳ ನಡುವೆ ಕೂರುವಂಥದ್ದು. ಮುಂದಕ್ಕೆ ನಾಲ್ಕಡಿ ಮೂಕಿ, ಅಂದರೆ ಜೀಪಿಗೆ ಸಿಕ್ಕಿಸಿ ಎಳೆಯುವ ದಂಡ. ಎತ್ತಿನಗಾಡಿಯ ಮೂಕಿ ಎಂದೇ ಹೇಳುತ್ತೇನೆ, ಕೆಲಸ ಅದೇ. ಮೂಕಿ ಗಿಡ್ಡವಾದರೆ ಹೇರ್‌ಪಿನ್ ತಿರುವಿನಲ್ಲಿ ತೊಟ್ಟಿಯ ಮೂಲೆ ಜೀಪಿಗೆ ಬಡಿಯುತ್ತೆ, ರಿವರ್ಸ್ ಹೊಡೆಯುವಾಗ ಕೈಗೂ ಸಿಗುವುದಿಲ್ಲ. ಉದ್ದವಾದರೆ ಟ್ರೈಲರ್ ತಿರುವಿನ ಒಳಬದಿಗೆ ಎಳೆದುಕೊಂಡು ಕಾಫಿ ಗಿಡದ ಮೇಲೆ ಹತ್ತುತ್ತೆ. ಕಣದ ಮೇಲೆ ಜೀಪ್ ನಿಲ್ಲಿಸಿ, ಹಗ್ಗ ಎಳೆದು, ನಮ್ಮ ಅತಿ ಕಡಿದಾದ ತಿರುವನ್ನೇ ಬರೆದು ನೋಡಿದ ಮೇಲೆ ನಾಲ್ಕಡಿಗೆ ನಿಂತೆ.

ಉದ್ದದ ಸೈಡಿಗೂ ಮೂಕಿಗೂ 75 ಎಂಎಂ ಸಿ ಚಾನೆಲ್. ಮೂಕಿಯ ಎರಡು ಚಾನೆಲ್ ತೊಟ್ಟಿಯ ಅಡಿಯಿಂದಲೇ ಹೊರಟು ಮುಂದೆ ಒಂದು ಬಿಂದುವಿನಲ್ಲಿ ಸೇರುತ್ತವೆ. ಅಡ್ಡಪಟ್ಟಿಗೆ 50 ಎಂಎಂ ಆಂಗಲ್. ಚಕ್ರಗಳು ಕೂರುವ ಅಚ್ಚಿಗೆ (ಆಕ್ಸಲ್) 50 ಎಂಎಂ ಚೌಕ ರಾಡು; ಅದರ ಎರಡು ತುದಿಯನ್ನೂ ಲೇತ್‌ನಲ್ಲಿ ಜೀಪಿನ ಮುಂದಿನ ಚಕ್ರದ ಹಬ್ಬಿನ ಬೇರಿಂಗಿಗೆ ಸರಿಯಾಗಿ ಕಡೆಸಿದೆ. ಹಬ್ಬು, ಬ್ರೇಕ್ ಡ್ರಮ್ಮು, ಲೀಫ್ ಸೆಟ್ (ಪಟ್ಟಿ ಸ್ಪ್ರಿಂಗು) ಎಲ್ಲ ಗುಜರಿಯದ್ದು. ಬೇರಿಂಗ್, ಆಯಿಲ್ ಸೀಲ್ ಮಾತ್ರ ಹೊಸದು. ಅಲ್ಲಿ ದುಡ್ಡು ಉಳಿಸಬಾರದು.

ಜೀಪಿನ ಹಿಂದಿನ ಕೊಕ್ಕೆಗೆ ಸಿಕ್ಕಿಸುವ, ಮೂಕಿಯ ತುದಿಯ ಬಳೆಯನ್ನು ರಾಡು ಬಗ್ಗಿಸಿ ಬೆಸೆದು ಕೊಡುತ್ತೇವೆ ಅಂದರು ವರ್ಕ್‌ಶಾಪಿನಲ್ಲಿ. ಬೇಡ ಅಂದೆ. ಇಡೀ ಭಾರ ಎಳೆಯುವುದು ಆ ಒಂದು ಬಳೆ. 25 ಎಂಎಂ ದಪ್ಪದ ಪ್ಲೇಟಿನಿಂದ ಒಂದೇ ತುಂಡಾಗಿ ಕತ್ತರಿಸಲು ಹೇಳಿ, ಬಾಲಕ್ಕೆ ನಾಲ್ಕು ಬೋಲ್ಟ್ ಹಾಕಿಸಿದೆ. ಬಳೆಯಲ್ಲಿ ಎಲ್ಲೂ ಬೆಸುಗೆ ಇಲ್ಲ. ಜೊತೆಗೆ ಎರಡು ಸರಪಳಿ, ಬಳೆಯ ಕೆಳಗೆ ಒಂದಕ್ಕೊಂದು ಅಡ್ಡ ಹಾದುಹೋಗುವಂತೆ. ಬಳೆ ಕಳಚಿದರೂ ಮೂಕಿ ನೆಲಕ್ಕೆ ನಾಟುವ ಬದಲು ಸರಪಳಿಯ ತೊಟ್ಟಿಲಲ್ಲಿ ಬಂದು ಕೂರುತ್ತೆ.

ವೆಲ್ಡಿಂಗ್ ನಾನೇ ಮಾಡಿದ್ದು, ಸಿಂಗಲ್ ಫೇಸಿನ 200 ಆಂಪ್ ಇನ್ವರ್ಟರ್ ಮೆಷಿನ್‌ನಲ್ಲಿ, 3.15 ಎಂಎಂ ರಾಡಿನಿಂದ. ಮಲೆನಾಡಿನಲ್ಲಿ ಆಗಸ್ಟ್ ತಿಂಗಳೆಂದರೆ ಉಪ್ಪು ನೀರಾಗುವ ಕಾಲ. ರಾಡಿನ ಮೇಲಿನ ಲೇಪ ತೇವ ಹೀರಿಕೊಂಡು ಬೆಸುಗೆಯಲ್ಲೆಲ್ಲ ತೂತು ಬೀಳುತ್ತಿತ್ತು. ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಯ ಪಕ್ಕ ರಾಡಿನ ಪೊಟ್ಟಣಕ್ಕೂ ಜಾಗ ಕೊಟ್ಟರು. ಅಲ್ಲಿಂದ ತಂದು ಹಚ್ಚಿದರೆ ಬೆಸುಗೆ ರೇಷ್ಮೆಯಂತೆ ಕೂತಿತು.

ಮೊದಲು ಎಲ್ಲ ಮೂಲೆಗೂ ಟ್ಯಾಕ್, ಅಂದರೆ ಚುಕ್ಕಿಯಷ್ಟು ಬೆಸುಗೆ ಮಾತ್ರ. ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ದಾರ ಹಿಡಿದು ಸಮ ಬಂತೋ ನೋಡಿ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸ್ವಲ್ಪಸ್ವಲ್ಪವೇ ಬೆಸೆಯುತ್ತ ಹೋಗಬೇಕು. ಒಂದೇ ಕಡೆಯಿಂದ ಪೂರ್ತಿ ಎಳೆದರೆ ಚೌಕಟ್ಟು ತಿರುಚಿಕೊಳ್ಳುತ್ತೆ. ಅಚ್ಚನ್ನು ಕೂರಿಸುವಾಗಲೂ ಬಳೆಯ ನಡುವಿನಿಂದ ಅಚ್ಚಿನ ಎರಡೂ ತುದಿಗೆ ದಾರ ಹಿಡಿಯಿರಿ. ನನಗೆ ಕಾಲಿಂಚು ವ್ಯತ್ಯಾಸ ಬಂದಿತ್ತು, ಸರಿಮಾಡಿಕೊಂಡೆ. ಬಿಟ್ಟಿದ್ದರೆ ಟ್ರೈಲರ್ ಯಾವಾಗಲೂ ಒಂದು ಪಕ್ಕಕ್ಕೆ ನಡೆಯುತ್ತಿತ್ತು, ಟೈರು ಬೇಗ ಸವೆಯುತ್ತಿತ್ತು.

ಇಷ್ಟೆಲ್ಲ ನೋಡಿಕೊಂಡವನು ಮುಖ್ಯವಾದದ್ದನ್ನೇ ತಪ್ಪಿದೆ. ಅಚ್ಚನ್ನು ತೊಟ್ಟಿಯ ನಟ್ಟನಡುವೆ, ಮುಂದಿನಿಂದ ಮೂರಡಿಗೆ ಇಟ್ಟು, ಸ್ಪ್ರಿಂಗಿನ ಬ್ರಾಕೆಟ್‌ಗಳನ್ನು ಪೂರ್ತಿ ಬೆಸೆದುಬಿಟ್ಟಿದ್ದೆ. ಎಂಟು ಚೀಲ ಗೊಬ್ಬರ ಹೇರಿ ಹಳ್ಳದ ಏರಿನಲ್ಲಿ ಎಳೆದು ನೋಡಿದೆ. ಏರು ಕಡಿದಾಗುತ್ತಿದ್ದ ಹಾಗೆ ಚೀಲಗಳು ಹಿಂದಕ್ಕೆ ಜಾರಿದವು. ಕೊಕ್ಕೆಯಲ್ಲಿ ಬಳೆ ಟಕ್ ಟಕ್ ಅಂತ ಮೇಲಕ್ಕೆ ಬಡಿಯತೊಡಗಿತು. ಜೀಪಿನ ಹಿಂದಿನ ಚಕ್ರ ಹಿಡಿತ ಬಿಟ್ಟು ನಿಂತಲ್ಲೇ ಸುತ್ತಿತು, ಕೆಂಪು ಮಣ್ಣು ಹಾರಿ ತೊಟ್ಟಿಗೆಲ್ಲ ಸಿಡಿಯಿತು.

ತಿರುವಿನಲ್ಲಿ ನಿಂತು ನೋಡುತ್ತಿದ್ದ ದೊಡ್ಡಪ್ಪ ಕೂಗಿದರು: "ಮೂಕಿ ಎತ್ತಿದೆ ಕಣೋ, ಇಳಿಸು ಮೊದ್ಲು!"

ಅವರು ವಯಸ್ಸಿನಲ್ಲಿ ಎತ್ತಿನಗಾಡಿ ಹೊಡೆದವರು. ಗಾಡಿಗೆ ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಎದ್ದು, ನೊಗ ಮೇಲೆ ಹೋಗಿ, ಎತ್ತಿನ ಕೊರಳಿಗೆ ಕಟ್ಟಿದ ಪಟ್ಟಿ, ಜೊತ್ತಿಗೆ, ಬಿಗಿಯುತ್ತೆ. ಮುಂದೆ ಜಾಸ್ತಿಯಾದರೆ ಹೆಗಲು ಹುಣ್ಣಾಗುತ್ತೆ. "ಒಂದು ಕೈಯಲ್ಲಿ ಎತ್ತಕ್ಕೆ ಆಗಬಾರದು, ಎರಡು ಕೈ ಹಾಕಿದ್ರೆ ಏಳಬೇಕು, ಅಷ್ಟು ಭಾರ ಮೂಕಿ ಮೇಲಿರಬೇಕು," ಅಂದರು. ಟ್ರೈಲರ್ ಕಟ್ಟುವವರ ಲೆಕ್ಕವೂ ಹೆಚ್ಚುಕಡಿಮೆ ಅದೇ: ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು, ಇಲ್ಲ ಸ್ವಲ್ಪ ಹೆಚ್ಚು, ಕೊಕ್ಕೆಯ ಮೇಲೆ ಕೂರಬೇಕು. ಕಮ್ಮಿಯಾದರೆ ಏರಿನಲ್ಲಿ ಜೀಪನ್ನು ಎತ್ತುತ್ತೆ, ವೇಗದಲ್ಲಿ ಹಾವಿನ ಹಾಗೆ ಹೊಯ್ದಾಡುತ್ತೆ.

ಕಾಫಿ ತೂಗುವ ತಕ್ಕಡಿಯನ್ನು ಬಳೆಯ ಕೆಳಗಿಟ್ಟೆ. ಖಾಲಿ ಟ್ರೈಲರ್ ಸುಮಾರು 200 ಕೆ.ಜಿ., ಹೇರು 400. ಚೀಲಗಳನ್ನು ಸಮನಾಗಿ ಜೋಡಿಸಿದಾಗಲೂ ಬಳೆಯ ಮೇಲೆ ಇದ್ದದ್ದು 15 ಕೆ.ಜಿ. ಗ್ರೈಂಡರ್ ಹಿಡಿದು ಬ್ರಾಕೆಟ್‌ಗಳನ್ನೆಲ್ಲ ಕತ್ತರಿಸಿ ತೆಗೆದು, ಅಚ್ಚನ್ನು ಎಂಟಿಂಚು ಹಿಂದಕ್ಕೆ ಸರಿಸಿದೆ. ಈಗ ಅದೇ ಹೇರಿಗೆ ತಕ್ಕಡಿ 58 ತೋರಿಸಿತು. ಎಂಟಿಂಚು ಅಂದರೆ ಒಂದು ಗೇಣು, ಅಷ್ಟೇ. ಕಟ್ಟುವವರಿಗೆ ನಾನು ಒತ್ತಿ ಹೇಳುವುದು ಇದೊಂದನ್ನೇ: ಬ್ರಾಕೆಟ್‌ಗಳನ್ನು ಕ್ಲ್ಯಾಂಪ್ ಹಾಕಿ ನಿಲ್ಲಿಸಿ, ಹೇರು ಹಾಕಿ ತೂಗಿ ನೋಡಿ, ಆಮೇಲೆ ಬೆಸೆಯಿರಿ. ನನಗೆ ಮೂರು ದಿನದ ಕೆಲಸ ಎರಡನೇ ಸಲ ಆಯಿತು.

ಜೀಪಿನ ಲೀಫ್ ಸೆಟ್ಟಿನ ಏಳು ಪಟ್ಟಿ ಈ ಭಾರಕ್ಕೆ ತೀರಾ ಗಟ್ಟಿ, ಖಾಲಿ ಟ್ರೈಲರ್ ಚೆಂಡಿನ ಹಾಗೆ ಪುಟಿಯುತ್ತಿತ್ತು. ಎರಡು ಪಟ್ಟಿ ತೆಗೆದ ಮೇಲೆ ಸರಿಹೋಯಿತು. ತಳಕ್ಕೆ ಬಿದ್ದ ಹಲಸಿನ ಮರದ ಹಲಗೆ, ನಡುನಡುವೆ ಬೆರಳು ತೂರುವಷ್ಟು ಸಂದಿ. ಹಣ್ಣಿನ ರಸ ನಿಲ್ಲದೆ ಕೆಳಗೆ ಇಳಿದುಹೋಗುತ್ತೆ.

ಹಬ್ಬಿನ ಬೇರಿಂಗ್ ಬಿಗಿಯುವುದಕ್ಕೂ ಒಂದು ಹದ ಇದೆ. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಲೇ ನಟ್ಟನ್ನು ತಿರುಗಲು ಭಾರವಾಗುವ ತನಕ ಬಿಗಿದು, ಆಮೇಲೆ ಆರನೇ ಒಂದು ಸುತ್ತು ಸಡಿಲಿಸಿ, ಸ್ಪ್ಲಿಟ್ ಪಿನ್ ಹಾಕಬೇಕು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟ ಇರಬಾರದು, ಆದರೆ ತಳ್ಳಿಬಿಟ್ಟರೆ ತಾನೇ ನಾಲ್ಕು ಸುತ್ತು ಓಡಬೇಕು. ಗಾಡಿಗೆ ಚಕ್ರ ಕಳಚದಂತೆ ತಡೆಯುವ ಕಡಾಣಿ ಹೇಗೋ ಇಲ್ಲಿ ಈ ಪಿನ್ನು ಹಾಗೆ. ಹಳೆಯದನ್ನು ನೇರಮಾಡಿ ಮತ್ತೆ ಹಾಕಲೇಬೇಡಿ.

ಕಾನೂನಿನ ಮಾತೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ, ರಸ್ತೆಗೆ ಇಳಿಸಬೇಕಾದರೆ ನೋಂದಣಿ ಬೇಕು. ನಾನು ಕಟ್ಟಿದ್ದು ತೋಟದೊಳಗಿನ ಕೆಲಸಕ್ಕೆ. ಗೇಟಿನಿಂದ ಆಚೆ ಒಂದು ದಿನವೂ ತಂದಿಲ್ಲ, ತರುವುದೂ ಇಲ್ಲ.

ಡಿಸೆಂಬರಿನ ಕುಯ್ಲಿಗೆ ಅದು ಇಳಿಯಿತು. ಜೀಪಿನಲ್ಲಿ ಆರು, ಟ್ರೈಲರಿನಲ್ಲಿ ಎಂಟು ಚೀಲ, ಎರಡೇ ಸಲಕ್ಕೆ ದಿನದ ಹಣ್ಣೆಲ್ಲ ಮೇಲೆ. ದೀಪ ಹಚ್ಚುವ ಹೊತ್ತಿಗೆ ಪಲ್ಪರ್ ನಿಂತಿರುತ್ತಿತ್ತು. ಈ ಸಲ ಒಂದು ಚೀಲವೂ ಹುಳಿ ಹಿಡಿಯಲಿಲ್ಲ.

ಉಳಿದಿರುವುದು ಬ್ರೇಕಿನದ್ದು. ಈಗ ಡ್ರಮ್ಮಿಗೆ ಕೇಬಲ್ ಎಳೆದು ನಿಲ್ಲಿಸುವ ಹ್ಯಾಂಡ್‌ಬ್ರೇಕ್ ಮಾತ್ರ ಇದೆ, ಓಡುವಾಗ ಹಿಡಿಯುವ ಬ್ರೇಕ್ ಇಲ್ಲ. ಹಾಗಾಗಿ ಪೂರ್ತಿ ಹೇರು ಹಾಕಿಕೊಂಡು ಹಳ್ಳದ ಕಡೆ ಇಳಿಯುವುದೇ ಇಲ್ಲ. ಗೊಬ್ಬರ ಇಳಿಸುವ ದಿನ ನಾಲ್ಕೇ ಚೀಲ, ಫೋರ್ ವೀಲ್ ಲೋ, ಮೊದಲ ಗೇರು, ಕ್ಲಚ್ಚಿನ ಮೇಲೆ ಕಾಲಿಡುವ ಹಾಗಿಲ್ಲ. ಬರುವ ಮಳೆಗಾಲಕ್ಕೆ ಕಣ ಖಾಲಿಯಾದ ಮೇಲೆ, ಟ್ರೈಲರ್ ಜೀಪನ್ನು ತಳ್ಳಿದಾಗ ಮೂಕಿಯೇ ಒಳಗೆ ಜಾರಿ ಬ್ರೇಕ್ ಹಿಡಿಯುವ ಏರ್ಪಾಡು ಮಾಡಬೇಕು. ಅದಕ್ಕೆ ಬೇಕಾದ ಪೈಪನ್ನು ಗುಜರಿಯಲ್ಲಿ ಆಗಲೇ ನೋಡಿಟ್ಟು ಬಂದಿದ್ದೇನೆ.