ಪ್ರಾಜೆಕ್ಟ್‌ಗೆ ಹೊರಟಿರಾ? ಮೊದಲು ಪ್ರಶ್ನಾವಳಿ ಹರಿದು ಹಾಕಿ

ಕೊನೆಯ ಸೆಮಿಸ್ಟರ್ ಬಂತೆಂದರೆ ಬಾಗಲಕೋಟೆ ಕಡೆಯ ಎಂ.ಬಿ.ಎ., ಎಂ.ಎಸ್.ಡಬ್ಲ್ಯು., ಸಮಾಜಶಾಸ್ತ್ರದ ಹುಡುಗರು ಇಳಕಲ್ ಬಸ್ಸು ಹತ್ತುತ್ತಾರೆ. ಬ್ಯಾಗಿನಲ್ಲಿ ಸೀನಿಯರ್ ಒಬ್ಬರ ಹಳೆಯ ಪ್ರಾಜೆಕ್ಟಿನಿಂದ ಇಳಿಸಿಕೊಂಡ ಪ್ರಶ್ನಾವಳಿ, ಐವತ್ತು ಝೆರಾಕ್ಸ್. ವಿಷಯ: ‘ಇಳಕಲ್ ಸೀರೆ ನೇಕಾರರ ಸಮಸ್ಯೆಗಳು – ಒಂದು ಅಧ್ಯಯನ’. ಸಂಶೋಧನಾ ವಿಧಾನದ ಪೇಪರಿನಲ್ಲಿ ಒಳ್ಳೆಯ ಅಂಕ ತೆಗೆದವರೂ ಎಡವುವುದು ಇಲ್ಲಿಯೇ. ನಾನೂ ಎಡವಿದವನೇ, ಅದಕ್ಕೇ ಹೇಳುತ್ತಿದ್ದೇನೆ.

ವಿಷಯ ಬೇರೆ, ಪ್ರಶ್ನೆ ಬೇರೆ

‘ಸಮಸ್ಯೆಗಳು’ ಎಂಬುದು ಪ್ರಶ್ನೆಯಲ್ಲ, ಗೋಣಿಚೀಲ. ಏನು ಬೇಕಾದರೂ ತುಂಬಬಹುದು. ಅದನ್ನು ಹೀಗೆ ಬಿಗಿ ಮಾಡಿ ನೋಡಿ: ‘ಸಾವುಕಾರರ ನೂಲಿಗೆ ಕೂಲಿ ನೇಯುವವರಿಗೂ ಸ್ವಂತ ನೂಲು ತಂದು ನೇಯುವವರಿಗೂ ಒಂದು ಸೀರೆಯ ಮೇಲೆ ಕೈಗೆ ಉಳಿಯುವ ದುಡ್ಡಿನಲ್ಲಿ ಎಷ್ಟು ವ್ಯತ್ಯಾಸ?’ ಈಗ ಯಾರನ್ನು ಕೇಳಬೇಕು, ಏನು ಕೇಳಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಇದಾದ ಮೇಲೆ ಒಂದು ಹಾಳೆಯ ಮೇಲೆ ಖಾಲಿ ಕೋಷ್ಟಕ ಗೀಚಿ. ಎಡಕ್ಕೆ ಎರಡು ಬಗೆಯ ನೇಕಾರರು, ಮೇಲೆ ಕೂಲಿ, ನೂಲಿನ ಖರ್ಚು, ನೇಯಲು ಹಿಡಿದ ದಿನ, ಉಳಿಕೆ. ಈ ಕೋಷ್ಟಕದ ಯಾವ ಮನೆಯನ್ನೂ ತುಂಬದ ಪ್ರಶ್ನೆ ನಿಮ್ಮ ಪ್ರಶ್ನಾವಳಿಯಲ್ಲಿದ್ದರೆ ಮುಲಾಜಿಲ್ಲದೆ ಹೊಡೆದು ಹಾಕಿ. ನಲವತ್ತು ಪ್ರಶ್ನೆ ಹದಿನೈದಕ್ಕೆ ಇಳಿಯುತ್ತದೆ.

ಈಗಾಗಲೇ ಸಿಗುವ ಅಂಕಿಯನ್ನು ಮತ್ತೆ ಕೇಳಲು ಹೋಗಬೇಡಿ. ಜಿಲ್ಲೆಯ ಜನಸಂಖ್ಯೆಗೆ 2011ರ ಜನಗಣತಿ ಇದೆ, ಆಗ ಬಾಗಲಕೋಟೆಯದು 18,89,752. ಮಗ್ಗಗಳ ಲೆಕ್ಕಕ್ಕೆ 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಇದೆ. ಹಿಂದಿನವರ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಓದಲಿಕ್ಕೆ, ಇಳಿಸಿಕೊಳ್ಳಲಿಕ್ಕಲ್ಲ.

ಮಗ್ಗದ ಮುಂದೆ ಕೂತಾಗ

ಕುಣಿಮಗ್ಗದಲ್ಲಿ ನೇಕಾರರ ಕಾಲು ಕುಣಿಯೊಳಗೆ, ಕಣ್ಣು ನೆಲಕ್ಕೆ ಹತ್ತಿರ. ನೀವು ನಿಂತು ಕೇಳಿದರೆ ತಪಾಸಣೆಗೆ ಬಂದ ಸಾಹೇಬರಂತೆ ಕಾಣುತ್ತೀರಿ. ನೆಲದ ಮೇಲೆ ಕೂರಿ. ಮೊದಲು ಬರುವ ಮಾತು ‘ಸಾಲ ಮನ್ನಾ ಆಕ್ಕೈತೇನ್ರಿ?’ ಎಂದೇ. ಇದು ಕಾಲೇಜಿನ ಓದಿಗೆ, ಯಾವ ಯೋಜನೆಯೂ ಇದರಿಂದ ಬರುವುದಿಲ್ಲ, ಹೆಸರು ಎಲ್ಲೂ ಹಾಕುವುದಿಲ್ಲ, ಬೇಡವೆನಿಸಿದರೆ ಉತ್ತರಿಸದೆ ಇರಬಹುದು ಎಂದು ಮೊದಲೇ ಹೇಳಿಬಿಡಿ. ಸಾವುಕಾರರ ಕಡೆಯವರನ್ನು ದಾರಿ ತೋರಿಸಲೆಂದು ಕರೆದೊಯ್ದಿರೋ, ಕೂಲಿಯ ಬಗ್ಗೆ ಸತ್ಯ ಹೊರಬೀಳುವುದಿಲ್ಲ.

ನನ್ನ ಮೊದಲ ಪ್ರಶ್ನಾವಳಿಯಲ್ಲಿ ‘ಕುಟುಂಬದಲ್ಲಿ ದುಡಿಯುವವರ ಸಂಖ್ಯೆ’ ಎಂಬ ಸಾಲಿತ್ತು.

‘ಮನ್ಯಾಗ ಎಷ್ಟ್ ಮಂದಿ ದುಡೀತೀರಿ ಕಾಕಾ?’

‘ನಾ ಒಬ್ಬಾಂವ್ನ ನೋಡಪಾ.’

ಒಂದು ಎಂದು ಬರೆದುಕೊಂಡೆ. ಅವರ ಹಿಂದೆಯೇ ಕಂಡಿಕೆಗೆ, ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ, ನೂಲು ಸುತ್ತುವ ರಾಟಿಯ ಸದ್ದು ನಡೆದಿತ್ತು.

‘ಕಂಡಿಕಿ ಯಾರು ಸುತ್ತತಾರ್ರಿ?’

‘ನಮ್ಮನಿಯಾಕಿ.’

‘ಸೆರಗ ಕೂಡಿಸಾಗ?’

‘ಆಗೂ ಆಕಿ ಬೇಕ. ಒಬ್ಬರ ಕೈಲೆ ಆಗೂದಲ್ಲದು.’

ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದೇ ಇಳಕಲ್ ಸೀರೆಯ ಹೆಚ್ಚುಗಾರಿಕೆ. ಆ ಕೆಲಸ ಮಾಡುವ ಹೆಣ್ಣುಮಗಳು ನನ್ನ ಹಾಳೆಯಲ್ಲಿ ‘ಗೃಹಿಣಿ’ ಆಗಿದ್ದಳು. ಕಾಕಾ ಸುಳ್ಳು ಹೇಳಿರಲಿಲ್ಲ. ‘ದುಡಿಯುವುದು’ ಎಂದರೆ ಕೂಲಿ ಎಣಿಸಿಕೊಳ್ಳುವುದು ಎಂದು ಅವರು ತಿಳಿದಿದ್ದರು, ನಾನು ಕೇಳಿದ್ದು ಬೇರೆ. ಅಂದಿನಿಂದ ಆ ಸಾಲನ್ನು ಒಡೆದೆ: ಹಾಸು (ಉದ್ದದ ಎಳೆ) ಹೂಡುವವರು ಯಾರು, ಕಂಡಿಕೆ ಸುತ್ತುವವರು ಯಾರು, ಸೆರಗು ಕೂಡಿಸುವವರು ಯಾರು, ನೇಯುವವರು ಯಾರು. ಪ್ರತಿಯೊಂದಕ್ಕೂ ನಿನ್ನೆ ಎಷ್ಟು ಹೊತ್ತು ಹಿಡಿಯಿತು.

ಆದಾಯದ ಕಥೆಯೂ ಅಷ್ಟೇ. ‘ನಿಮ್ಮ ವಾರ್ಷಿಕ ಆದಾಯ ಎಷ್ಟು?’ ಎಂದರೆ ‘ಎಲ್ಲೀ ಆದಾಯ, ಹೊಟ್ಟಿಪಾಡು’ ಎಂಬ ಉತ್ತರ. ಕಳೆದ ವಾರ ಮಗ್ಗದಿಂದ ಎಷ್ಟು ಸೀರೆ ಇಳಿಯಿತು, ಒಂದಕ್ಕೆ ಕೂಲಿ ಎಷ್ಟು, ಹಳೆಯ ಬಾಕಿಗೆ ಎಷ್ಟು ಮುರಿದುಕೊಂಡರು ಎಂದು ಕೇಳಿ. ಗುಣಿಸುವ ಕೆಲಸ ನಿಮ್ಮದು. ಹಳೆಯದನ್ನು ಕೇಳಲೇಬೇಕಾದರೆ ‘ಆರು ತಿಂಗಳಲ್ಲಿ’ ಎನ್ನಬೇಡಿ. ‘ಬನಶಂಕರಿ ಜಾತ್ರಿಯಿಂದ ಈಚಿಗೆ’ ಎಂದರೆ ನೆನಪು ಗಟ್ಟಿಯಾಗಿ ನಿಲ್ಲುತ್ತದೆ.

‘ಕೂಲಿ ಮತ್ತು ಸರ್ಕಾರಿ ಸೌಲಭ್ಯ ನಿಮಗೆ ತೃಪ್ತಿ ತಂದಿವೆಯೇ?’ ಎಂಬಂಥದ್ದು ಒಂದು ಪ್ರಶ್ನೆಯಲ್ಲ, ಎರಡು. ಹೌದು ಎಂದರೆ ಯಾವುದಕ್ಕೆ?

ಇನ್ನು ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗಿನ ಐದು ಮೆಟ್ಟಿಲು. ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ಕೊಟ್ಟ ಅಳತೆಗೋಲು ಇದು. ಎಂ.ಬಿ.ಎ.ಯವರಿಗೆ ಇದಿಲ್ಲದೆ ಊಟ ಸೇರುವುದಿಲ್ಲ. ಆದರೆ ಮಗ್ಗದ ಮುಂದೆ ಓದಿ ಹೇಳಿದರೆ ಮೂರನೇ ಸಾಲಿಗೇ ‘ಎಲ್ಲಾದಕ್ಕೂ ಒಪ್ಪತೀನಿ ಅಂತ ಬರಕೋರಿ’ ಎನ್ನುತ್ತಾರೆ. ಅದರ ಬದಲು ಐದು ಕಂಡಿಕೆ ಮುಂದಿಟ್ಟು, ‘ಪೂರಾ ಖರೆ ಅನಿಸಿದರ ಐದೂ ಈ ಕಡೆ ಇಡ್ರಿ, ಸುಳ್ಳ ಅನಿಸಿದರ ಒಂದ ಇಡ್ರಿ’ ಎನ್ನಿ. ಒಂದೆರಡು ಮಾತನ್ನು ಬೇಕೆಂದೇ ಉಲ್ಟಾ ಬರೆದಿಡಿ. ಎರಡಕ್ಕೂ ಐದೇ ಬಿದ್ದರೆ ಅವರು ಕೇಳಿಸಿಕೊಳ್ಳುತ್ತಿಲ್ಲ, ನಿಮ್ಮನ್ನು ಸಾಗಹಾಕುತ್ತಿದ್ದಾರೆ.

ಈ ತಿದ್ದುಪಡಿಗಳು ಟೇಬಲ್ ಮುಂದೆ ಹೊಳೆಯುವುದಿಲ್ಲ. ಆರೇಳು ಮನೆಗೆ ಹೋಗಿ ಬಂದು, ಆ ಹಾಳೆ ಹರಿದು, ಮತ್ತೆ ಬರೆಯಿರಿ. ಪರೀಕ್ಷೆಯಲ್ಲಿ ‘ಪೈಲಟ್ ಸ್ಟಡಿ’ ಎಂದು ಎರಡು ಅಂಕಕ್ಕೆ ಬರೆದದ್ದು ಇದನ್ನೇ. ಝೆರಾಕ್ಸ್ ಅದಾದ ಮೇಲೆ.

ಎಷ್ಟು ಮನೆ, ಯಾವ ಮನೆ?

ಎಷ್ಟು ಮನೆ ಕೇಳಿದರೆ ಸಾಕು ಎಂದು ಹೇಳುವ ಟಾರೊ ಯಮಾನೆಯ ಸೂತ್ರ ಎಲ್ಲ ಪ್ರಾಜೆಕ್ಟಿನಲ್ಲೂ ಇರುತ್ತದೆ: ಒಟ್ಟು ಮನೆಗಳನ್ನು, ಒಂದಕ್ಕೆ ‘ಒಟ್ಟು ಮನೆ ಗುಣಿಸು ತಪ್ಪಿನ ಪ್ರಮಾಣದ ವರ್ಗ’ ಕೂಡಿಸಿ ಬಂದದ್ದರಿಂದ ಭಾಗಿಸುವುದು. ನಿಮ್ಮ ಓಣಿಗಳಲ್ಲಿ 400 ಮಗ್ಗದ ಮನೆ ಇವೆ ಎನ್ನಿ. ಶೇ 5 ತಪ್ಪಿಗೆ ಒಪ್ಪಿದರೆ 200 ಮನೆ ಬೇಕು, ಶೇ 10ಕ್ಕೆ ಒಪ್ಪಿದರೆ 80 ಸಾಕು. ಒಬ್ಬರೇ ಓಡಾಡುವವರಿಗೆ 80 ಪ್ರಾಮಾಣಿಕ ಲೆಕ್ಕ. ಆದರೆ ಸೂತ್ರ ಅಚ್ಚು ಹಾಕಿ, ಬಸ್‌ಸ್ಟ್ಯಾಂಡಿಗೆ ಹತ್ತಿರದ 80 ಮನೆ ಮುಗಿಸಿ ಬಂದರೆ ಆ ಸೂತ್ರಕ್ಕೆ ಅರ್ಥವೇ ಇಲ್ಲ. ಮನೆಗಳ ಪಟ್ಟಿ ಮಾಡಿ, ಒಂದರಿಂದ ಐದರೊಳಗೆ ಚೀಟಿ ಎತ್ತಿ, ಅಲ್ಲಿಂದ ಪ್ರತಿ ಐದನೇ ಮನೆ. ಬಾಗಿಲು ಹಾಕಿದ್ದರೆ ಸಂಜೆ ಮತ್ತೆ ಹೋಗಿ, ಪಕ್ಕದ ಮನೆಗೆ ನುಗ್ಗಬೇಡಿ.

ನೇಕಾರಿಕೆ ಏಕೆ ಸೊರಗಿತು ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಈಗ ನೇಯುತ್ತಿರುವವರನ್ನಷ್ಟೇ ಕೇಳಿ ಪ್ರಯೋಜನವಿಲ್ಲ. ಅವರು ಉಳಿದುಕೊಂಡವರು. ಮಗ್ಗ ಬಿಚ್ಚಿ ಗ್ರಾನೈಟ್ ಕೆಲಸಕ್ಕೆ ಹೋದವರ ಪಟ್ಟಿ ಬೇರೆ ಮಾಡಬೇಕು. ನಾನು ನೋಡಿದ ಪ್ರಾಜೆಕ್ಟುಗಳಲ್ಲಿ ಈ ಕೆಲಸ ಮಾಡಿದವರು ಬೆರಳೆಣಿಕೆಯಷ್ಟು.

ಆಯಾ ದಿನದ ಟಿಪ್ಪಣಿ ಆಯಾ ರಾತ್ರಿಯೇ ಬರೆದು, ಫೋಟೊ ತೆಗೆದು ಬೇರೆಡೆ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕೂತು ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಒಪ್ಪ ಮಾಡಿದ್ದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅದರ ಮೂರೂ ಪ್ರತಿ ಸುಟ್ಟವು. ಅವರು ನೆನಪಿನಿಂದಲೇ ಪುಸ್ತಕ ಬರೆದರು, ನಮಗದು ಸಾಧ್ಯವಿಲ್ಲ.

ಲೆಕ್ಕಾಚಾರಕ್ಕೆ ಎಕ್ಸೆಲ್ ಸಾಕು. ಶೇಕಡಾವಾರಿಗಿಂತ ಮೊದಲು ಸರಾಸರಿ, ಮಧ್ಯಾಂಕ (ಅಂಕಿಗಳನ್ನು ಏರಿಕೆಯಲ್ಲಿ ಸಾಲಾಗಿಟ್ಟರೆ ನಟ್ಟನಡುವೆ ಬೀಳುವುದು) ಎರಡನ್ನೂ ನೋಡಿ. ಹತ್ತು ಮಗ್ಗದ ಒಬ್ಬ ಮಾಲಕ ಸೇರಿಕೊಂಡರೆ ಇಡೀ ಓಣಿಯ ಸರಾಸರಿ ಶ್ರೀಮಂತವಾಗುತ್ತದೆ. ಮಾತುಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರೋನ್‌ಬಾಕ್ ಆಲ್ಫಾ 0.7 ದಾಟಿತೇ ಎಂದು ನೋಡುವುದು ಒಂದೇ ಭಾವನೆಯನ್ನು ಅಳೆಯುವ ಆ ಐದು ಮೆಟ್ಟಿಲಿನ ಮಾತುಗಳಿಗೆ ಮಾತ್ರ. ವಯಸ್ಸು, ಕೂಲಿ, ಮಗ್ಗದ ಸಂಖ್ಯೆ ಎಲ್ಲ ಸೇರಿಸಿ ಆಲ್ಫಾ ತೆಗೆದವರನ್ನೂ ಕಂಡಿದ್ದೇನೆ.

ವರದಿಯಲ್ಲಿ ಎಷ್ಟು ಮನೆಗೆ ಹೋದಿರಿ ಎಂಬುದರ ಜೊತೆಗೆ ಎಷ್ಟು ಮನೆಯವರು ಮಾತಾಡಲು ಒಲ್ಲೆ ಎಂದರು ಎಂಬುದನ್ನೂ ಬರೆಯಿರಿ. ಎಂಬತ್ತಕ್ಕೆ ಎಂಬತ್ತೂ ಉತ್ತರ ಸಿಕ್ಕಿತೆಂದು ಬರೆದರೆ, ವೈವಾಕ್ಕೆ ಕೂತವರು ಇಳಕಲ್ ಓಣಿ ಸುತ್ತಿದವರಾಗಿದ್ದರೆ, ನಿಮ್ಮ ಫೈಲನ್ನು ಅಲ್ಲೇ ಮುಚ್ಚುತ್ತಾರೆ.