ತೊಡೆದೇವಿನಿಂದ ಒಣಮೀನಿನವರೆಗೆ: ಅಲ್ಯೂಮಿನಿಯಂ ಪ್ಯಾಕಿಂಗ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ ಕಡೆಯ ಸ್ವಸಹಾಯ ಸಂಘಗಳಲ್ಲಿ, ಮನೆಯಲ್ಲೇ ತಿಂಡಿ ಮಾಡಿ ಮಾರುವವರಲ್ಲಿ ಪ್ಯಾಕಿಂಗ್ ವಿಷಯ ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ಸಿಲ್ವರ್ ಪೌಚಿನಲ್ಲಿ ಹಾಕಿದರೆ ಎಷ್ಟು ದಿನ ಕೆಡದೆ ಇರುತ್ತದೆ? ಇದಕ್ಕೆ ಇಷ್ಟೇ ದಿನ ಎಂದು ಹೇಳಲಾಗದು. ನಮ್ಮ ಕಡೆ ಸಿಲ್ವರ್ ಎಂಬ ಮಾತು ಅನ್ನದ ಪಾತ್ರೆಗೂ, ಹೋಟೆಲಿನ ಪಾರ್ಸೆಲ್ ಡಬ್ಬಿಗೂ, ಚಿಪ್ಸ್ ಪೊಟ್ಟಣಕ್ಕೂ, ಮಾತ್ರೆಯ ಹಾಳೆಗೂ ಒಂದೇ ಸಮನೆ ಸಲ್ಲುತ್ತದೆ. ಇವೆಲ್ಲದರಲ್ಲೂ ಅಲ್ಯೂಮಿನಿಯಂ ಇರುವುದು ನಿಜವಾದರೂ, ಅದು ಎಷ್ಟು ದಪ್ಪ ಇದೆ, ಆಹಾರಕ್ಕೂ ಅದಕ್ಕೂ ನಡುವೆ ಏನಿದೆ, ಬಾಯಿ ಹೇಗೆ ಮುಚ್ಚಿದೆ ಎಂಬ ಮೂರು ಸಂಗತಿಗಳ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ.

ನಾನು ಇದನ್ನು ಕಲಿತದ್ದು ನಷ್ಟ ಮಾಡಿಕೊಂಡು. ಒಂದು ಜೂನ್ ತಿಂಗಳ ಕೊನೆಯಲ್ಲಿ ಕಾರವಾರದ ಅಂಗಡಿಯೊಂದಕ್ಕೆ ಅರವತ್ತು ಪೌಚ್ ತೊಡೆದೇವು ಕಳಿಸಿದ್ದೆ. ಆಗಸ್ಟ್ ನಡುವಿಗೆ ಅರ್ಧಕ್ಕಿಂತ ಹೆಚ್ಚು ವಾಪಸು ಬಂದವು. ಬೋರಲು ಹಾಕಿದ ಮಡಕೆಯ ಮೇಲೆ ಹಿಟ್ಟು ತೊಡೆದು ಎಬ್ಬಿಸಿದ, ಕಾಗದಕ್ಕಿಂತ ತೆಳ್ಳಗಿನ ಆ ಹಾಳೆ, ಮುಟ್ಟಿದರೆ ಮುರಿಯಬೇಕಾದದ್ದು, ಒದ್ದೆ ಕರವಸ್ತ್ರದಂತೆ ಕೈಯಲ್ಲಿ ಜೋತುಬಿದ್ದಿತು. ಬಟ್ಟಲಲ್ಲಿ ಇಟ್ಟ ಉಪ್ಪು ನೀರಾಗುವ ನಮ್ಮ ಮಳೆಗಾಲವನ್ನೇ ದೂರಿ ಸುಮ್ಮನಾಗಬಹುದಿತ್ತು. ಆದರೆ ಪೌಚನ್ನು ಕತ್ತರಿಸಿ ನೋಡಿದಾಗ ತಪ್ಪು ಎರಡು ಕಡೆ ಸಿಕ್ಕಿತು, ಮಳೆ ಮೂರನೆಯದು ಮಾತ್ರ.

ನನ್ನ ಕೈಯಲ್ಲಿರುವುದು ನಿಜವಾದ ಫಾಯಿಲ್ ಪೌಚೋ ಅಲ್ಲವೋ?

ಪೇಟೆಯಲ್ಲಿ ಬೆಳ್ಳಿ ಬಣ್ಣದ ಪೌಚ್ ಎರಡು ಬಗೆಯಲ್ಲಿ ಸಿಗುತ್ತದೆ. ಒಂದರಲ್ಲಿ 7ರಿಂದ 9 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಒಂದು ಮೈಕ್ರಾನ್) ದಪ್ಪದ ಅಲ್ಯೂಮಿನಿಯಂ ಹಾಳೆಯೇ, ಅಂದರೆ ಫಾಯಿಲ್, ಇದ್ದು, ಅದರ ಹೊರಗೆ ಪಾಲಿಯೆಸ್ಟರ್, ಒಳಗೆ ಪಾಲಿಥೀನ್ ಅಂಟಿಸಿರುತ್ತಾರೆ. ಇನ್ನೊಂದು ಮೆಟಲೈಸ್ಡ್ ಪೌಚ್. ಅದರಲ್ಲಿ ಹಾಳೆ ಇಲ್ಲ, ನಿರ್ವಾತದಲ್ಲಿ ಅಲ್ಯೂಮಿನಿಯಂ ಅನ್ನು ಆವಿ ಮಾಡಿ ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ಲೇಪ ಮಾತ್ರ ಇದೆ, ಅದರ ದಪ್ಪ 0.03ರಿಂದ 0.05 ಮೈಕ್ರಾನ್. ಎರಡಕ್ಕೂ ದಪ್ಪದಲ್ಲಿ ಸುಮಾರು 200 ಪಟ್ಟು ಅಂತರವಿದ್ದರೂ ಅಂಗಡಿಯ ಹಲಗೆಯ ಮೇಲೆ ಅವು ಅಣ್ಣತಮ್ಮಂದಿರಂತೆ ಕಾಣುತ್ತವೆ. ನನಗೆ ಮಾರಿದವರು ಫಾಯಿಲ್ ಎಂದೇ ಹೇಳಿ ಕೊಟ್ಟದ್ದು ಎರಡನೆಯ ಬಗೆಯದು.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಹಚ್ಚಿ ಪೌಚಿನ ಒಳಗೆ ಇಳಿಸಿ ಬಾಯಿ ಮಡಚಿ ಹಿಡಿಯಿರಿ. ಮೆಟಲೈಸ್ಡ್ ಆಗಿದ್ದರೆ ಮೈಯೆಲ್ಲ ಮಂಕಾಗಿ ಬೆಳಗುತ್ತದೆ, ಟಾರ್ಚ್ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಫಾಯಿಲ್ ಆಗಿದ್ದರೆ ಪೂರ್ತಿ ಕತ್ತಲೆ, ಎಲ್ಲೋ ಒಂದೆರಡು ಸೂಜಿರಂಧ್ರ ನಕ್ಷತ್ರದಂತೆ ಮಿನುಗಿದರೆ ಉಂಟು. ಇನ್ನೊಂದು ಗುರುತೆಂದರೆ ಮುಷ್ಟಿಯಲ್ಲಿ ಹಿಸುಕಿ ಬಿಡುವುದು: ಫಾಯಿಲ್ ಮುದುಡಿದಂತೆಯೇ ಉಳಿಯುತ್ತದೆ, ಮೆಟಲೈಸ್ಡ್ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಾಗೆಂದು ಮೆಟಲೈಸ್ಡ್ ಪೌಚ್ ಕೆಟ್ಟದ್ದೆಂದಲ್ಲ. ಎಲ್ಲಿ ಸಾಕು, ಎಲ್ಲಿ ಸಾಲದು ಎಂಬ ಲೆಕ್ಕ ಹಾಕಿಕೊಳ್ಳಬೇಕು. 38 ಡಿಗ್ರಿ ಉಷ್ಣತೆ, ಶೇ. 90 ತೇವಾಂಶ ಇಟ್ಟು ಅಳೆದಾಗ ಮೆಟಲೈಸ್ಡ್ ಪಾಲಿಯೆಸ್ಟರ್ ಮೂಲಕ ಒಂದು ಚದರ ಮೀಟರಿಗೆ ದಿನಕ್ಕೆ ಒಂದು ಗ್ರಾಮಿನ ಆಸುಪಾಸು ನೀರಾವಿ ದಾಟುತ್ತದೆ. 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಪೌಚಿನ ಎರಡೂ ಮೈ ಸೇರಿ 0.06 ಚದರ ಮೀಟರ್. ಮೂರು ತಿಂಗಳಿಗೆ ಐದು ಗ್ರಾಮಿಗಿಂತ ತುಸು ಹೆಚ್ಚು ನೀರು ಒಳಗೆ ಬಂದಂತಾಯಿತು. ನಮ್ಮ ಮಳೆಗಾಲ ಅಷ್ಟು ಬಿಸಿಯಿಲ್ಲದ ಕಾರಣ ನಿಜದಲ್ಲಿ ಸ್ವಲ್ಪ ಕಡಿಮೆ ಎಂದೇ ಇಟ್ಟುಕೊಳ್ಳೋಣ. ಕಾಲು ಕಿಲೋ ಹಲಸಿನ ಹಪ್ಪಳಕ್ಕೆ ಇದು ಲೆಕ್ಕಕ್ಕಿಲ್ಲ, ಹೇಗೂ ಎಣ್ಣೆಗೆ ಬೀಳುವಂಥದ್ದು. ತೊಡೆದೇವಿಗಾದರೋ ಅಷ್ಟೇ ಸಾಕು, ಕಥೆ ಮುಗಿಯಿತು. ಸೂಜಿರಂಧ್ರವಿಲ್ಲದ ಫಾಯಿಲ್ ಮೂಲಕ ನೀರಾವಿ ದಾಟುವುದೇ ಇಲ್ಲ ಎನ್ನಬಹುದು. ಮೆಣಸು, ಏಲಕ್ಕಿಯಂಥ ಪರಿಮಳದ ಸರಕಿಗೂ ಇದೇ ಮಾತು. ಬರೀ ಪಾಲಿಥೀನಿನಲ್ಲಿ ಇಟ್ಟ ಏಲಕ್ಕಿಯ ವಾಸನೆ ಕಪಾಟಿಗೆಲ್ಲ ಹರಡುತ್ತದೆಂದರೆ ಅದು ಪೊಟ್ಟಣದಿಂದ ಹೊರಗೆ ಹೋಗುತ್ತಿದೆ ಎಂದೇ ಅರ್ಥ.

ಒಳ್ಳೆಯ ಪೌಚ್ ತಂದರೂ ಹಸಿ ಹಿಡಿಯುವುದೇಕೆ?

ಸೀಲ್. ನನ್ನ ಎರಡನೆಯ ತಪ್ಪು ಅಲ್ಲಿತ್ತು. ವಾಪಸು ಬಂದ ಪೌಚಿನ ಸೀಲನ್ನು ಬೆಳಕಿಗೆ ಹಿಡಿದು ಉಗುರಿನಿಂದ ಬಿಡಿಸಿದಾಗ ನಡುವೆ ತೊಡೆದೇವಿನ ಒಂದು ಚೂರು, ಸಾಸಿವೆಯ ಅರ್ಧದಷ್ಟು, ಅಪ್ಪಚ್ಚಿಯಾಗಿ ಕೂತಿತ್ತು, ಅದರ ಎರಡೂ ಪಕ್ಕ ಕೂದಲೆಳೆಯಷ್ಟು ಸುರಂಗ. ಅಷ್ಟು ಸಣ್ಣ ದಾರಿ ಇದ್ದರೆ ಫಾಯಿಲಿಗೆ ಕೊಟ್ಟ ಹಣವೆಲ್ಲ ನೀರಲ್ಲಿ ಹೋಮ. ಆದ್ದರಿಂದ ಅಗಲ ಬಾಯಿಯ ಆಲಿಕೆ ಇಟ್ಟೇ ತುಂಬಬೇಕು, ಪೌಚಿನ ಬಾಯಿಯ ಒಳಭಾಗವನ್ನು ಒಣಬಟ್ಟೆಯಿಂದ ಒರೆಸಬೇಕು, ಸೀಲಿನ ಅಗಲ ಕಡಿಮೆಯೆಂದರೆ 8ರಿಂದ 10 ಮಿ.ಮೀ. ಇರಬೇಕು. ಅಲ್ಯೂಮಿನಿಯಂ ಶಾಖವನ್ನು ಬೇಗ ಹರಡಿಬಿಡುವುದರಿಂದಲೂ ಪದರಗಳು ಹೆಚ್ಚಿರುವುದರಿಂದಲೂ, ಬರೀ ಪ್ಲಾಸ್ಟಿಕ್ ಚೀಲಕ್ಕೆ ಹೊಂದಿಸಿದ ಯಂತ್ರದ ಶಾಖ ಇದಕ್ಕೆ ಸಾಲುವುದಿಲ್ಲ. ಪ್ರತಿ ಹೊಸ ಕಟ್ಟು ಪೌಚ್ ಬಂದಾಗ ನಾಲ್ಕೈದು ಖಾಲಿ ಪೌಚ್ ಸೀಲ್ ಮಾಡಿ, ಎರಡೂ ಕೈಯಿಂದ ಎಳೆದು, ಸೀಲ್ ಬಿಡುವ ಬದಲು ಪೌಚಿನ ಮೈಯೇ ಹಿಗ್ಗಿ ಹರಿಯುವವರೆಗೆ ಶಾಖ ಏರಿಸಿಕೊಳ್ಳುವುದು ಸರಿಯಾದ ಕ್ರಮ.

ಮುಚ್ಚಿದ ಪೌಚನ್ನು ಬಕೆಟಿನ ನೀರಲ್ಲಿ ಅದುಮಿ ಗುಳ್ಳೆ ನೋಡುವುದು ದೊಡ್ಡ ಸೋರಿಕೆಯನ್ನು ಹಿಡಿಯುತ್ತದೆ. ಸಣ್ಣದನ್ನು ಹಿಡಿಯಲು ತೂಕವೇ ಒಳ್ಳೆಯದು: ನಾಲ್ಕು ಪೌಚಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ತುಂಬಿ ಸೀಲ್ ಮಾಡಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಬಚ್ಚಲುಮನೆಯಲ್ಲಿ ನೇತುಹಾಕಿ ವಾರಕ್ಕೊಮ್ಮೆ ತೂಗುತ್ತ ಹೋಗಿ. ನಾಲ್ಕೂ ಸಮನಾಗಿ ತೂಕ ಏರಿದರೆ ದೋಷ ಪೌಚಿನದು, ಒಂದೇ ಏರಿದರೆ ನಿಮ್ಮ ಸೀಲಿನದು.

ಮಳೆಗಾಲದಲ್ಲಿ ಇನ್ನೊಂದು ಇಕ್ಕಟ್ಟಿದೆ. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರುತ್ತದೆ, ತಣಿಯಲೆಂದು ಹರವಿಟ್ಟರೆ ಗಾಳಿಯ ತೇವ ಕುಡಿಯುತ್ತದೆ. ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ತಣಿಸಿ, ಡಬ್ಬಿ ತೆಗೆದ ಅರ್ಧ ಗಂಟೆಯೊಳಗೆ ಪ್ಯಾಕ್ ಮಾಡಿ ಮುಗಿಸುವುದೇ ನನಗೆ ಕಂಡ ದಾರಿ.

ಮಡಿಕೆಯ ವಿಷಯವೂ ಇಲ್ಲೇ ಬರುತ್ತದೆ. ಫಾಯಿಲನ್ನು ಮೂಲೆಯಲ್ಲಿ ಚೂಪಾಗಿ ಮಡಚಿ ಪೆಟ್ಟಿಗೆಗೆ ತುರುಕಿದಷ್ಟೂ ಮಡಿಕೆಯಲ್ಲಿ ಸೂಜಿರಂಧ್ರ ಹುಟ್ಟುತ್ತವೆ. ಒಣ ಬಂಗಡೆಯ ಮುಳ್ಳಿನ ತುದಿ ಒಳಗಿಂದ ಚುಚ್ಚುವುದಂತೂ ಹೇಳುವುದೇ ಬೇಡ. ಮೀನಿಗೆ ಒಳಪದರ ದಪ್ಪವಿರುವ ಪೌಚನ್ನೇ ಕೇಳಿ ತರಬೇಕು.

ಘಟ್ಟ ಹತ್ತಿದ ಪೌಚ್ ಉಬ್ಬಿದರೆ ಕೆಟ್ಟಂತೆಯೇ?

ಕುಮಟಾದಲ್ಲಿ ಪ್ಯಾಕ್ ಮಾಡಿದ್ದನ್ನು ದೇವಿಮನೆ ಘಟ್ಟದ ಮೂಲಕ ಶಿರಸಿಗೆ ಒಯ್ದಾಗ ಪೌಚ್ ಬಿಗಿಯಾಗಿ ಉಬ್ಬುತ್ತದೆ, ಗಿರಾಕಿ ಹೆದರಿ ವಾಪಸು ಕಳಿಸುತ್ತಾರೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದು ಅಲ್ಲಿ ಗಾಳಿಯ ಒತ್ತಡ ಶೇ. 7ರಷ್ಟು ಕಡಿಮೆ, ಒಳಗಿನ ಗಾಳಿ ಅಷ್ಟೇ ಹಿಗ್ಗುತ್ತದೆ. ಒಯ್ದ ಪೌಚೆಲ್ಲ ಒಂದೇ ಸಮ ಉಬ್ಬಿದ್ದರೆ ಅದು ಘಟ್ಟದ ಉಬ್ಬು. ಒಂದೇ ಪೌಚ್ ಮಾತ್ರ ಉಬ್ಬಿದ್ದರೆ, ಅಥವಾ ಇಟ್ಟಲ್ಲೇ ದಿನದಿಂದ ದಿನಕ್ಕೆ ಉಬ್ಬುತ್ತಿದ್ದರೆ ಅದನ್ನು ರುಚಿ ಕೂಡ ನೋಡದೆ ಎಸೆಯಬೇಕು.

ಉಪ್ಪಿನಕಾಯಿ, ಮುರುಗಲು (ಕೋಕಂ), ಸುಣ್ಣ: ಇವುಗಳಿಗೆ ಫಾಯಿಲ್ ಆದೀತೇ?

ನೇರವಾಗಿ ತಾಗುವಂತೆ ಆಗದು. ಅಪ್ಪೆಮಿಡಿ ಉಪ್ಪಿನಕಾಯಿಯ ಸ್ಟೀಲ್ ಡಬ್ಬಿಯ ಮುಚ್ಚಳ ಕಳೆದುಹೋಯಿತೆಂದು ಬಾಯಿಗೆ ಅಡುಗೆಮನೆಯ ಫಾಯಿಲ್ ಸುತ್ತಿಟ್ಟವರು ಹದಿನೈದು ದಿನಕ್ಕೆ ತೆಗೆದು ನೋಡಲಿ: ಉಪ್ಪುನೀರು ತಾಗಿದ ಕಡೆಯೆಲ್ಲ ಸೂಜಿ ಚುಚ್ಚಿದಂಥ ತೂತು, ತೂತಿನ ಸುತ್ತ ಬೂದಿಬಣ್ಣದ ಹಿಟ್ಟು. ಉಪ್ಪಿನಕಾಯಿಯೇ ಫಾಯಿಲನ್ನು ತಿಂದಿತು ಎಂದರೆ ಅರ್ಧ ಸರಿ. ಉಕ್ಕು ಒಂದು ಕಡೆ, ಅಲ್ಯೂಮಿನಿಯಂ ಇನ್ನೊಂದು ಕಡೆ, ನಡುವೆ ಹುಳಿ ಉಪ್ಪುನೀರು ಇದ್ದರೆ ಅದೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ, ಕರಗುವ ಪಾಳಿ ಅಲ್ಯೂಮಿನಿಯಂನದು. ಗಾಜಿನ ಅಥವಾ ಪಿಂಗಾಣಿ ಭರಣಿಯಾಗಿದ್ದರೆ ಇಷ್ಟು ಬೇಗ ತೂತು ಬೀಳುವುದಿಲ್ಲ.

ಅಲ್ಯೂಮಿನಿಯಂ ತುಕ್ಕು ಹಿಡಿಯದಂತೆ ಕಾಣುವುದಕ್ಕೆ ಅದರ ಮೈಮೇಲೆ ತಾನಾಗಿ ಕೂರುವ ಆಕ್ಸೈಡ್ ಪೊರೆ ಕಾರಣ. ಕೆಲವೇ ನ್ಯಾನೋಮೀಟರ್ ದಪ್ಪದ ಈ ಪೊರೆ ತೀರ ಹುಳಿಯಲ್ಲೂ ಕರಗುತ್ತದೆ, ತೀರ ಕ್ಷಾರದಲ್ಲೂ ಕರಗುತ್ತದೆ, ಉಪ್ಪು ಅದರಲ್ಲಿ ಅಲ್ಲಲ್ಲಿ ಕಿಂಡಿ ಕೊರೆಯುತ್ತದೆ. ಮುರುಗಲು, ಹುಣಸೆ, ನಿಂಬೆ, ಮಜ್ಜಿಗೆ ಒಂದು ಪಕ್ಕ. ಎಲೆಅಡಿಕೆಯ ಸುಣ್ಣ, ಸೋಡಾ ಇನ್ನೊಂದು ಪಕ್ಕ. ಮುರುಗಲು ಸಾರನ್ನು ಪಾರ್ಸೆಲ್ ಕೊಡುವ ಹೋಟೆಲುಗಳು ಅದನ್ನು ಒಳಲೇಪವಿಲ್ಲದ ಫಾಯಿಲ್ ಡಬ್ಬಿಯಲ್ಲಿ ಕೊಡಬಾರದು. ಉಪ್ಪು, ಲಿಂಬೆರಸ ಹಚ್ಚಿದ ಬಂಗಡೆಯನ್ನು ಕೆಂಡದಲ್ಲಿ ಸುಡುವುದಿದ್ದರೆ ಮೊದಲು ಬಾಳೆಎಲೆ ಸುತ್ತಿ, ಅದರ ಮೇಲೆ ಫಾಯಿಲ್ ಸುತ್ತಿದರೆ ಲೋಹ ತಾಗುವುದಿಲ್ಲ, ರುಚಿಗೂ ಅದೇ ವಾಸಿ.

ಹಾಗಾದರೆ ತಂಪುಪಾನೀಯದ ಕ್ಯಾನು ಹೇಗೆ ತಾಳುತ್ತದೆ ಎಂದರೆ, ಅದರ ಒಳಮೈಗೆ ತೆಳುವಾದ ರಾಳದ ಲೇಪ ಇದೆ. ಪೌಚಿನಲ್ಲಿ ಆ ಕೆಲಸವನ್ನು ಪಾಲಿಥೀನ್ ಪದರ ಮಾಡುತ್ತದೆ. ಮುರುಗಲು ಶರಬತ್ತಿನ ಬಾಟಲಿಯ ಬಾಯಿಗೆ ಅಂಟುವ ಫಾಯಿಲ್ ಬಿಲ್ಲೆಯ ಅಡಿಯಲ್ಲೂ ಪ್ಲಾಸ್ಟಿಕ್ ಇದೆ: ಇಂಡಕ್ಷನ್ ಯಂತ್ರ ಫಾಯಿಲನ್ನು ಬಿಸಿ ಮಾಡಿದಾಗ ಆ ಪ್ಲಾಸ್ಟಿಕ್ ಕರಗಿ ಬಾಟಲಿಗೆ ಅಂಟುತ್ತದೆ. ಮಾವಿನ ತಿರುಳು ತುಂಬುವ ದೊಡ್ಡ ಡಬ್ಬಿಯನ್ನು ಇದರ ಜೊತೆ ಸೇರಿಸಬೇಡಿ, ಅದು ತವರ ಲೇಪಿಸಿದ ಉಕ್ಕು. ಅಯಸ್ಕಾಂತ ಹಿಡಿದರೆ ಅಂಟುತ್ತದೆ.

ಆರೋಗ್ಯಕ್ಕೆ ಹಾನಿಯೇ ಎಂಬ ಪ್ರಶ್ನೆಗೆ: ಆಹಾರದ ಮೂಲಕ ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ ಅಲ್ಯೂಮಿನಿಯಂವರೆಗೆ ಸಹ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ತಜ್ಞ ಸಮಿತಿ 2011ರಲ್ಲಿ ಹೇಳಿದೆ, ಅಂದರೆ 50 ಕಿಲೋ ತೂಕದವರಿಗೆ 100 ಮಿಲಿಗ್ರಾಂ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಅದರ ಅರ್ಧವನ್ನು ಮಿತಿಯಾಗಿಟ್ಟಿತು. ಮರೆವಿನ ಕಾಯಿಲೆಗೆ ಇದೇ ಕಾರಣ ಎಂಬ ಶಂಕೆ 1960ರ ದಶಕದಿಂದ ಇದ್ದರೂ ಸಾಬೀತಾಗಿಲ್ಲ. ದೇಹಕ್ಕೆ ಸೇರಿದ ಅಲ್ಯೂಮಿನಿಯಂ ಹೊರಹೋಗುವುದು ಮೂತ್ರಪಿಂಡದ ಮೂಲಕವಾದ್ದರಿಂದ ಆ ತೊಂದರೆ ಇರುವವರು ಹುಳಿ ಪದಾರ್ಥಕ್ಕೆ ಸಿಲ್ವರ್ ಪಾತ್ರೆ ಬಳಸದಿರುವುದು ಒಳ್ಳೆಯದು.

ಹೊಳೆಯುವ ಮೈ ಒಳಗೋ ಹೊರಗೋ?

ಯಾವುದಾದರೂ ಆದೀತು. ಕೊನೆಯ ಸುತ್ತಿನಲ್ಲಿ ಎರಡು ಹಾಳೆಗಳನ್ನು ಜೋಡಿಸಿ ರೋಲರಿಗೆ ಕೊಡುತ್ತಾರೆ. ರೋಲರಿಗೆ ತಾಗಿದ ಮೈ ಹೊಳೆಯುತ್ತದೆ, ಒಂದಕ್ಕೊಂದು ತಾಗಿದ ಮೈ ಮಂಕಾಗುತ್ತದೆ, ಅಷ್ಟೇ.

ಒಣಮೀನು, ಹಸಿ ಪದಾರ್ಥ ತುಂಬುವ ಮುನ್ನ

ಫಾಯಿಲ್ ಹೊರಗಿನದನ್ನು ಒಳಗೆ ಬಿಡುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ; ಒಳಗಿನದನ್ನು ಹೊರಗೂ ಬಿಡುವುದಿಲ್ಲ ಎಂಬುದನ್ನು ಮರೆಯುತ್ತಾರೆ. ಬೆಳಕು, ಗಾಳಿ ತಡೆಯುವುದರಿಂದ ಮೀನಿನ ಕೊಬ್ಬು ಹಳದಿಯಾಗಿ ಕಮಟು ವಾಸನೆ ಬರುವುದು ನಿಧಾನವಾಗುತ್ತದೆ. ಆದರೆ ಮೇಲೆ ಒಣಗಿ ಬೆನ್ನೆಲುಬಿನ ಬಳಿ ಮೆತ್ತಗೆ ಉಳಿದ ಮೀನನ್ನು ತುಂಬಿದರೆ ಗೋಣಿಯಲ್ಲಿ ಆರಬಹುದಾಗಿದ್ದ ತೇವ ಪೌಚಿನಲ್ಲಿ ಸಿಕ್ಕಿಬಿದ್ದು ಬೂಷ್ಟು ಹಿಡಿಯುತ್ತದೆ. ದಪ್ಪನೆಯ ಮೀನೊಂದನ್ನು ಬೆನ್ನ ಬಳಿ ಸೀಳಿ, ಬೆರಳಿಗೆ ತಣ್ಣಗೆ, ಅಂದರೆ ತೇವವಾಗಿ, ತಾಗುತ್ತಿಲ್ಲ ಎಂದು ಖಚಿತವಾದ ಮೇಲೆಯೇ ಇಡೀ ರಾಶಿಯನ್ನು ಪ್ಯಾಕ್ ಮಾಡಬೇಕು.

ಮೀನುಸಾರು, ಪಲ್ಯದಂಥ ತೇವದ ಅಡುಗೆಯನ್ನು ಪೌಚಿನಲ್ಲಿ ಮುಚ್ಚಿ ಹೊರಗೆ ಇಡುವ ಆಸೆಯನ್ನು ಮನೆಯ ಉದ್ಯಮದವರು ಬಿಡಬೇಕು. ಗಾಳಿ ಇಲ್ಲದ, ಹುಳಿ ಇಲ್ಲದ, ತೇವದ ಜಾಗದಲ್ಲಿ ಬಾಟ್ಯುಲಿಸಂ ವಿಷ ಮಾಡುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ವಾಸನೆಯಿಂದ ಅದು ಗೊತ್ತಾಗಲೇಬೇಕೆಂದಿಲ್ಲ. ಪೇಟೆಯಲ್ಲಿ ಸಿಗುವ ಅಂಥ ಪೌಚುಗಳನ್ನು ರಿಟಾರ್ಟ್ ಯಂತ್ರದಲ್ಲಿ ಸುಮಾರು 121 ಡಿಗ್ರಿಯಲ್ಲಿ, ಒತ್ತಡ ಮತ್ತು ಸಮಯವನ್ನು ದಾಖಲಿಸುತ್ತ ಬೇಯಿಸಿರುತ್ತಾರೆ. ಮನೆಯ ಕುಕ್ಕರಿನ ಸೀಟಿ ಅದಕ್ಕೆ ಬದಲಿಯಲ್ಲ.

ಬಳಸಿದ ಮೇಲೆ

ಅದಿರಿನಿಂದ ಬಂದ ಅಲ್ಯೂಮಿನಾದಿಂದ (ಅಲ್ಯೂಮಿನಿಯಂ ಆಕ್ಸೈಡ್ ಪುಡಿ) ಒಂದು ಕಿಲೋ ಲೋಹ ಮಾಡಲು 13ರಿಂದ 15 ಯೂನಿಟ್ ವಿದ್ಯುತ್ ಬೇಕು. ಹಳೆಯದನ್ನು ಕರಗಿಸಿ ಮತ್ತೆ ಬಳಸಲು ಬೇಕಾಗುವ ಶಕ್ತಿ ಹೊಸ ಲೋಹಕ್ಕೆ ಬೇಕಾದುದರ ಶೇ. 5ರಷ್ಟು. ಗುಜರಿಯವರು ಕ್ಯಾನಿಗೂ ಸಿಲ್ವರ್ ಪಾತ್ರೆಗೂ ಒಳ್ಳೆಯ ದರ ಕೊಡುವುದು ಇದರಿಂದಲೇ. ಪಾರ್ಸೆಲ್ ಡಬ್ಬಿಯನ್ನು ತೊಳೆದು ಒಣಗಿಸಿ, ಚೂರುಪಾರು ಫಾಯಿಲನ್ನು ಮುಷ್ಟಿಗಾತ್ರದ ಉಂಡೆ ಮಾಡಿ ಕೊಟ್ಟರೆ ಅದೂ ಸಲ್ಲುತ್ತದೆ. ಪೌಚನ್ನು ಮಾತ್ರ ಅವರು ಮುಟ್ಟುವುದಿಲ್ಲ, ಅಂಟಿಕೊಂಡ ಪ್ಲಾಸ್ಟಿಕ್ ಪದರಗಳನ್ನು ಬೇರ್ಪಡಿಸುವ ಖರ್ಚಿಗೆ ಒಳಗಿನ ಲೋಹದ ಬೆಲೆ ಸಾಲದು. ಹಾಗಾಗಿ ನಾನೀಗ ಫಾಯಿಲ್ ಪೌಚನ್ನು ತೊಡೆದೇವಿಗೆ, ಏಲಕ್ಕಿಗೆ ಮಾತ್ರ ತರಿಸುತ್ತೇನೆ. ಹಪ್ಪಳ ಸಾದಾ ಚೀಲದಲ್ಲೇ ಹೋಗುತ್ತದೆ, ಅಪ್ಪೆಮಿಡಿ ಗಾಜಿನ ಬಾಟಲಿಯಲ್ಲಿ.