ಟಿಬಿಯೋ, ಬೂಷ್ಟಿನ ಅಲರ್ಜಿಯೋ? ಪತ್ತೆ ಮಾಡುವುದು ಹೀಗೆ

ಹಳೆಯ ದಮ್ಮು, ಬಿಡದ ಕೆಮ್ಮು, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ. ಇಷ್ಟಕ್ಕೇ ಟಿಬಿ ಮಾತ್ರೆ ಶುರುವಾಗುತ್ತದೆ. ಮಚ್ಚೆ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಮೂಡಿದರೆ, ಕಫದಲ್ಲಿ ಕಂದು ಗಟ್ಟಿಗಳು ಬಂದರೆ ಎಬಿಪಿಎ ಅನುಮಾನಿಸಿ. ಆಸ್ಪರ್ಜಿಲಸ್ ಎಂಬ ಬೂಷ್ಟು ಶ್ವಾಸನಾಳದಲ್ಲಿ ನೆಲೆಸಿ ಅಲರ್ಜಿ ಕೆರಳಿಸುವ ಕಾಯಿಲೆ ಇದು. ಒಬ್ಬರಿಂದ ಒಬ್ಬರಿಗೆ ಹರಡದು. ಗಂಗಾವತಿ, ಸಿಂಧನೂರು ಕಡೆ ನೆನೆದ ಭತ್ತದ ಹುಲ್ಲು ಕೆದರುವ ದಮ್ಮಿನವರು ಈ ಬೂಷ್ಟಿನ ಧೂಳಿನಿಂದ ದೂರವಿರಬೇಕು.

ಮೊದಲು ಕಫ. ಎರಡು ಮಾದರಿ ಕೊಡಿ, ಒಂದು ಬೆಳಗ್ಗೆ ಎದ್ದ ಕೂಡಲೇ. ಎಂಜಲು ಉಗುಳಿದರೆ ಪರೀಕ್ಷೆ ದಂಡ. ಎದೆಯಾಳದಿಂದ ಕೆಮ್ಮಿ ತೆಗೆಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದಲ್ಲಿ ಟಿಬಿ ರೋಗಾಣುವಿನ ವಂಶವಾಹಿ ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆ ಉಚಿತ. ರಕ್ತದಲ್ಲಿ ಟಿಬಿ ಪ್ರತಿಕಾಯ ಹುಡುಕುವ ಕಿಟ್‌ಗಳನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಬರೆದುಕೊಟ್ಟರೆ ಮಾಡಿಸಲೇಬೇಡಿ.

ಎಡವುವುದು ರಕ್ತಪರೀಕ್ಷೆಯಲ್ಲಿ. ದಮ್ಮು ತಡೆಯಲಾಗದೆ ಊರಲ್ಲೇ ಡೆಕ್ಸಾ ಎಂಬ ಸ್ಟಿರಾಯ್ಡ್ ಸೂಜಿ ಹಾಕಿಸಿಕೊಂಡು ಬಂದರೆ ಅಲರ್ಜಿಯಲ್ಲಿ ಏರುವ ಬಿಳಿ ರಕ್ತಕಣವಾದ ಇಯೊಸಿನೊಫಿಲ್ ಇಳಿದುಬಿಡುತ್ತದೆ, ಅಲರ್ಜಿಯ ಪ್ರತಿಕಾಯವಾದ ಐಜಿಇಯೂ ತಗ್ಗಬಹುದು. ಉಸಿರು ಕಟ್ಟುವಂತಿದ್ದರೆ ಕಾಯುವ ಮಾತಿಲ್ಲ. ಇಲ್ಲದಿದ್ದರೆ ಸ್ಟಿರಾಯ್ಡ್‌ಗೆ ಮುಂಚೆಯೇ ರಕ್ತ ಕೊಡಿ. ಕೇಳಬೇಕಾದ್ದು ಮೂರು: ಆಸ್ಪರ್ಜಿಲಸ್ ಫ್ಯುಮಿಗೇಟಸ್‌ಗೆ ನಿರ್ದಿಷ್ಟ ಐಜಿಇ (0.35 kUA/L ಅಥವಾ ಹೆಚ್ಚು), ಒಟ್ಟು ಐಜಿಇ (500 IU/mL ಅಥವಾ ಹೆಚ್ಚು), ಇಯೊಸಿನೊಫಿಲ್‌ಗಳ ನೇರ ಎಣಿಕೆ (ಮೈಕ್ರೊಲೀಟರಿಗೆ 500 ಅಥವಾ ಹೆಚ್ಚು). ವರದಿಯಲ್ಲಿ ಬರೀ ಶೇಕಡಾವಾರು ಇದ್ದರೆ ಸಾಲದು. ಒಟ್ಟು ಐಜಿಇ ಒಂದನ್ನೇ ನೋಡಿ ತೀರ್ಮಾನಿಸಬೇಡಿ: ಹೊಟ್ಟೆಹುಳುವಿನಿಂದಲೂ ಏರುತ್ತದೆ, ಆನೆಕಾಲು ರೋಗದ ಹುಳು ಶ್ವಾಸಕೋಶ ಕೆರಳಿಸಿದರೂ ಏರುತ್ತದೆ. ರಾಯಚೂರು ಆನೆಕಾಲು ರೋಗ ಕಂಡ ಜಿಲ್ಲೆ, ಅದು ಇಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ನೂರಾರು ತಿನಿಸುಗಳ ‘ಅಲರ್ಜಿ ಪ್ಯಾಕೇಜ್’ ಇಲ್ಲಿ ದುಡ್ಡಿನ ದಂಡ.

ಆಮೇಲೆ ಎದೆಯ ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್. ನಡುಭಾಗದ ಶ್ವಾಸನಾಳ ಹಿಗ್ಗಿದೆಯೇ, ಒಳಗಿನ ಲೋಳೆ ಬೆನ್ನಿನ ಸ್ನಾಯುವಿಗಿಂತ ಬೆಳ್ಳಗಿದೆಯೇ ಎಂದು ಕೇಳಿ. ಎರಡನೆಯದು ಕಂಡರೆ ಎಬಿಪಿಎ ಬಹುತೇಕ ಖಚಿತ. ಎರಡೂ ಇಲ್ಲದೆಯೂ ಕಾಯಿಲೆ ಇರಬಹುದು.

ಸ್ಟಿರಾಯ್ಡ್ ಅಥವಾ ಬೂಷ್ಟು ನಾಶಕ ಔಷಧ ಇಟ್ರಾಕೊನಜೋಲ್ ಎಂಬುದನ್ನು ಶ್ವಾಸಕೋಶ ತಜ್ಞರೇ ನಿರ್ಧರಿಸಲಿ. ಕಫದಲ್ಲಿ ಟಿಬಿ ಇಲ್ಲವೆಂದು ತಿಳಿಯದೆ ಸ್ಟಿರಾಯ್ಡ್ ಮುಂದುವರಿಸಿದರೆ ಅಪಾಯ. ಟಿಬಿ ಮಾತ್ರೆಯಲ್ಲಿನ ರಿಫಾಂಪಿಸಿನ್ ಇವೆರಡರ ಬಲವನ್ನೂ ಕುಗ್ಗಿಸುತ್ತದೆ, ಹಿಂದೆ ನುಂಗಿದ್ದನ್ನು ಮುಚ್ಚಿಡಬೇಡಿ. ಎಂಟು ವಾರಕ್ಕೆ ಒಟ್ಟು ಐಜಿಇ ಮತ್ತೆ ನೋಡಿಸಿ. ಶೇ 20ರಷ್ಟಾದರೂ ಇಳಿದು, ದಮ್ಮೂ ತಗ್ಗಿದ್ದರೆ ಔಷಧ ಹತ್ತಿದೆ. ಅಂಕಿ ಪೂರ್ತಿ ಸಹಜಕ್ಕೆ ಬರಬೇಕಿಲ್ಲ.